ಎಲ್ಲೆಲ್ಲೂ ‘ನುಡಿ’: ಬೈಗುಳ ಯಾವುದಕ್ಕೆ ಸಲ್ಲಬೇಕು?

ಮೈಸೂರಿನಲ್ಲಿ ಒಂದು ದಿನ ಓಡಾಡುವಷ್ಟರಲ್ಲಿ ನಾವು ಒಂದೇ ಅಕ್ಷರಮುಖವನ್ನು ಎಷ್ಟು ಸಲ ನೋಡುತ್ತೇವೆ ಎಂದು ಯಾರೂ ಲೆಕ್ಕ ಇಡುವುದಿಲ್ಲ. ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಪರೀಕ್ಷಾ ಶುಲ್ಕದ ಸುತ್ತೋಲೆ, ಸರ್ಕಾರಿ ಕಚೇರಿಯ ಅರ್ಜಿ ನಮೂನೆ, ಸರಸ್ವತಿಪುರಂನ ಪಿ.ಜಿ. ಗೇಟಿಗೆ ಅಂಟಿಸಿದ ‘ಕೊಠಡಿ ಖಾಲಿ ಇದೆ’, ಅಣ್ಣನ ಮದುವೆಯ ಕರೆಯೋಲೆ, ತಾತನ ವೈಕುಂಠ ಸಮಾರಾಧನೆಯ ಕಾರ್ಡು. ಸುದ್ದಿ ಬೇರೆ ಬೇರೆ, ಮುಖ ಒಂದೇ. ‘ನುಡಿ 01 ಇ’ ಎಂಬ ಹೆಸರು ಕೇಳದವರಿಗೂ ಆ ಮುಖದ ಪರಿಚಯವಿದೆ.

ವಿನ್ಯಾಸ ಓದುತ್ತಿರುವ ಗೆಳೆಯರ ಮುಂದೆ ಈ ಹೆಸರು ಎತ್ತಿ ನೋಡಿ. ‘ಅದಾ? ಸರ್ಕಾರಿ ಫಾಂಟು’ ಎಂದು ಮೂಗು ಮುರಿಯುತ್ತಾರೆ. ಎಲ್ಲ ಕಡೆ ಇರುವುದೆಲ್ಲಕ್ಕೂ ಈ ಗತಿ ತಪ್ಪಿದ್ದಲ್ಲ. 1957ರಲ್ಲಿ ಸ್ವಿಟ್ಜರ್ಲೆಂಡಿನ ಹಾಸ್ ಫೌಂಡ್ರಿಯಲ್ಲಿ ಹುಟ್ಟಿದ ಹೆಲ್ವೆಟಿಕಾ ನ್ಯೂಯಾರ್ಕಿನ ಸಬ್‌ವೇ ಫಲಕಗಳಿಂದ ಹಿಡಿದು ಕಂಪನಿಗಳ ಲೋಗೊಗಳವರೆಗೆ ಹಬ್ಬಿತು. ಹಬ್ಬಿದ್ದೇ ತಡ, ಅದಕ್ಕೆ ಜೀವವಿಲ್ಲ, ಸ್ವಂತ ದನಿಯಿಲ್ಲ ಎಂಬ ದೂರುಗಳೂ ಹುಟ್ಟಿಕೊಂಡವು. 1994ರಲ್ಲಿ ಮೈಕ್ರೊಸಾಫ್ಟಿನ ವಿನ್ಸೆಂಟ್ ಕೊನೇರ್ ಮಕ್ಕಳಾಟದ ಧಾಟಿಯಲ್ಲಿ ಮಾಡಿದ ಕಾಮಿಕ್ ಸಾನ್ಸ್‌ಗೆ ಬಿದ್ದಷ್ಟು ಬೈಗುಳ ಬಹುಶಃ ಇನ್ನಾವ ಫಾಂಟಿಗೂ ಬಿದ್ದಿರಲಾರದು. ಆದರೆ ಆ ಜಗಳಗಳು ಹೆಚ್ಚುಕಡಿಮೆ ಕಣ್ಣಿಗೆ ಸಂಬಂಧಿಸಿದವು. ಹೆಲ್ವೆಟಿಕಾದಲ್ಲಿ ಬರೆದ ಅರ್ಜಿ ಬೇಸರ ತರಿಸಬಹುದು, ಓದಲಾಗದೆ ತಿರಸ್ಕೃತವಾಗುವುದಿಲ್ಲ. ನುಡಿಯ ವಿಷಯದಲ್ಲಿ ನಾವು ಅದರ ಮುಖವನ್ನು ಆಡಿಕೊಳ್ಳುತ್ತಾ, ಅದರ ಹೊಟ್ಟೆಯೊಳಗಿನ ತೊಂದರೆಯನ್ನು ಹಾಗೇ ಬಿಟ್ಟಿದ್ದೇವೆ ಎನ್ನುವುದು ನನ್ನ ತಕರಾರು.

ಮೊದಲು ಅದಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲಲಿ. ನುಡಿ ಬರುವ ಮುಂಚೆ ಕಂಪ್ಯೂಟರಿನಲ್ಲಿ ಕನ್ನಡ ಇರಲಿಲ್ಲ ಎಂದೇನಲ್ಲ. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಇದ್ದವು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಒಂದೊಂದು ತಂತ್ರಾಂಶಕ್ಕೂ ಒಂದೊಂದು ಸಂಕೇತ ಪದ್ಧತಿ. ಒಂದರಲ್ಲಿ ಬೆರಳಚ್ಚಿಸಿದ್ದು ಇನ್ನೊಂದರಲ್ಲಿ ತೆರೆಯದು. ಕೀಲಿಮಣೆಗಳೂ ಒಂದೇ ಥರ ಇರಲಿಲ್ಲ. ಕನ್ನಡ ಗಣಕ ಪರಿಷತ್ತು ನುಡಿಯನ್ನು ರೂಪಿಸಿ, ಸರ್ಕಾರ ಅದನ್ನು ಉಚಿತವಾಗಿ ಹಂಚಿ, ಕಚೇರಿಗಳೆಲ್ಲ ಅದನ್ನೇ ಬಳಸಬೇಕೆಂದಾಗ ಈ ಗೊಂದಲ ದೊಡ್ಡ ಮಟ್ಟದಲ್ಲಿ ತಗ್ಗಿತು. ಕೆ.ಪಿ. ರಾವ್ ಅವರ ಚಿಂತನೆಯಿಂದ ಬಂದ ಕೀಲಿಮಣೆ ವಿನ್ಯಾಸ ಎಷ್ಟು ಸರಳ ಎಂದರೆ, ಒಂದು ವಾರ ಕೂತರೆ ಯಾರಿಗಾದರೂ ಕೈ ಹತ್ತುತ್ತದೆ. ಟೈಪಿಂಗ್ ಕಲಿತು ಹೊಟ್ಟೆ ಹೊರೆದ ಸಾವಿರಾರು ಜನರ ಅನ್ನದ ಋಣ ಆ ಕೀಲಿಮಣೆಯ ಮೇಲಿದೆ. ಅಕ್ಷರಗಳ ರೂಪವೂ ಹಳೆಯ ಅಚ್ಚುಮೊಳೆಯ ಗುಂಡಗಿನ ಗತ್ತಿಗೆ ಹತ್ತಿರ. ಉದ್ದದ ಪಠ್ಯ ಓದಲು ಇವತ್ತಿಗೂ ನನಗೆ ಅದರ ಮೇಲೆ ದೊಡ್ಡ ದೂರಿಲ್ಲ.

ತೊಂದರೆ ಇರುವುದು ಸಂಕೇತದಲ್ಲಿ. ಹಳೆಯ ನುಡಿಯಲ್ಲಿ ನೀವು ‘ಕನ್ನಡ’ ಎಂದು ಬರೆದಾಗ ಕಂಪ್ಯೂಟರಿಗೆ ಅದು ಕನ್ನಡ ಅಂತ ಗೊತ್ತೇ ಇರುವುದಿಲ್ಲ. ಅದು ಉಳಿಸಿಕೊಳ್ಳುವುದು ಇಷ್ಟನ್ನು: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಇರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನರು ಎರಡು ಎಸ್‌ಗೆ ಬಳಸುವ ಅಕ್ಷರ, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಎ. ಒಟ್ಟು ಏಳು ಚೂರು. ಆ ಪಿ ಕಂಡಲ್ಲಿ ‘ಕ’ದ ದೇಹದ ಚಿತ್ರ, ಓರೆಗೆರೆಯ ಎ ಕಂಡಲ್ಲಿ ತಲೆಕಟ್ಟಿನ ಚಿತ್ರ ತೋರಿಸು ಎಂದು ಫಾಂಟು ಹೇಳುತ್ತದೆ, ಅಷ್ಟೇ. ಕಂಪ್ಯೂಟರಿನಲ್ಲಿ ಇಂಗ್ಲಿಷಿಗೆ ಮಾತ್ರ ಜಾಗವಿದ್ದ ಕಾಲದಲ್ಲಿ ಇದು ಜಾಣ ಉಪಾಯವೇ ಆಗಿತ್ತು. ಆದರೆ ಫಾಂಟು ಇಲ್ಲದ ಮೊಬೈಲಿಗೆ ಆ ಕಡತ ಹೋದ ಗಳಿಗೆ ಮುಖವಾಡ ಕಳಚಿ ಪಿ, ಎ, ಪೌಂಡುಗಳ ಜಾತ್ರೆ ಕಾಣುತ್ತದೆ. ಯೂನಿಕೋಡ್ ಹಾಗಲ್ಲ. 1991ರ ಮೊದಲ ಆವೃತ್ತಿಯಲ್ಲೇ ಅದರಲ್ಲಿ ಕನ್ನಡಕ್ಕೆಂದು 128 ಮನೆಗಳ ಒಂದು ಬೀದಿಯನ್ನೇ ಬಿಡಲಾಗಿದೆ. ಅಲ್ಲಿ ‘ಕ’ ಅಂದರೆ ‘ಕ’. ಯಾವ ಫಾಂಟು ಹಾಕಿದರೂ, ಯಾವ ದೇಶದಲ್ಲಿ ತೆರೆದರೂ.

ಇದರಿಂದ ನಮ್ಮಂಥವರಿಗೆ ಏನಾಗುತ್ತದೆ? ಕನ್ನಡ ಎಂ.ಎ. ಓದುತ್ತಿದ್ದ ಒಬ್ಬ ಗೆಳತಿಯ ಕಿರುಪ್ರಬಂಧವನ್ನು ಡಿ.ಟಿ.ಪಿ. ಅಂಗಡಿಯಲ್ಲಿ ಹಳೆಯ ನುಡಿಯಲ್ಲಿ ಟೈಪ್ ಮಾಡಿಸಲಾಗಿತ್ತು. ತೊಂಬತ್ತು ಪುಟ. ಆಮೇಲೆ ಅದರ ಒಂದು ಅಧ್ಯಾಯವನ್ನು ಲೇಖನವಾಗಿ ಕಳಿಸಲು ಹೊರಟರೆ ಸಂಪಾದಕರು ಯೂನಿಕೋಡ್ ಕೇಳಿದರು. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ನಿಜ. ಆದರೆ ಕಡತದ ನಡುನಡುವೆ ಇದ್ದ ಇಂಗ್ಲಿಷ್ ಪದಗಳನ್ನೂ ಅವು ಕನ್ನಡದ ಚೂರುಗಳೆಂದೇ ತಿಳಿದು ತಿರುಗಿಸಿಬಿಟ್ಟವು. ಅಡಿಟಿಪ್ಪಣಿಗಳಲ್ಲಿದ್ದ ಇಂಗ್ಲಿಷ್ ಪುಸ್ತಕಗಳ ಹೆಸರೆಲ್ಲ ಯಾವ ಭಾಷೆಯೂ ಅಲ್ಲದ ಅಕ್ಷರಗಳಾದವು. ಕೂತು ಒಂದೊಂದೇ ತಿದ್ದಲು ನಾಲ್ಕು ದಿನ ಹಿಡಿಯಿತು.

ಕೆಲಸ ಹುಡುಕುವವರ ಪಾಡು ಇನ್ನೊಂದು ರೀತಿ. ಕನ್ನಡ ಭಾಷಾಂತರ, ವಿಷಯ ಬರವಣಿಗೆ, ಉಪಶೀರ್ಷಿಕೆ, ಧ್ವನಿ ತಂತ್ರಾಂಶಗಳಿಗೆ ಪಠ್ಯ ಸಿದ್ಧಪಡಿಸುವಂಥ ಹೊಸ ಕೆಲಸಗಳೆಲ್ಲ ಯೂನಿಕೋಡಿನಲ್ಲೇ ನಡೆಯುತ್ತವೆ. ಡಿ.ಟಿ.ಪಿ. ಆಪರೇಟರ್ ಬೇಕಾಗಿದ್ದಾರೆ ಎಂಬ ಜಾಹೀರಾತು ಮಾತ್ರ ‘ನುಡಿ, ಪೇಜ್‌ಮೇಕರ್ ಗೊತ್ತಿರಬೇಕು’ ಎನ್ನುತ್ತದೆ. ಎರಡೂ ಕಡೆ ಕಾಲಿಡದೆ ಗತಿಯಿಲ್ಲ. ಹಳೆಯ ನುಡಿಯಲ್ಲಿ ಮಾಡಿಟ್ಟ ಮಾದರಿ ಕೆಲಸವನ್ನು ಮಿಂಚಂಚೆಗೆ ಲಗತ್ತಿಸಿ ಕಳಿಸಿದರೆ, ಆ ಕಡೆ ಮೊಬೈಲಿನಲ್ಲಿ ತೆರೆದವರಿಗೆ ಕಾಣುವುದು ಅದೇ ಪೌಂಡುಗಳ ಸಾಲು. ಎರಡನೇ ಅವಕಾಶ ಕೊಡುವಷ್ಟು ತಾಳ್ಮೆ ಎಷ್ಟು ಜನರಿಗಿರುತ್ತದೆ?

ಎಲ್ಲಕ್ಕಿಂತ ಹೆಚ್ಚು ಕಷ್ಟ ದೃಷ್ಟಿದೋಷ ಇರುವ ವಿದ್ಯಾರ್ಥಿಗಳದ್ದು. ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶಗಳಿಗೆ ಈಗ ಕನ್ನಡ ಉಚ್ಚಾರಣೆ ಬರುತ್ತದೆ. ಯೂನಿಕೋಡಿನಲ್ಲಿರುವ ಪಾಠವನ್ನು ಅವು ಓದಿ ಹೇಳುತ್ತವೆ. ಹಳೆಯ ನುಡಿಯ ಪಾಠ ಕೊಟ್ಟರೆ ‘ಪಿ, ಎ, ಪೌಂಡ್’ ಎಂದು ಒದರುತ್ತವೆ. ಕಣ್ಣಿದ್ದವರಿಗೆ ಕನ್ನಡವಾಗಿ ಕಾಣುವ ಪುಟ ಅವರಿಗೆ ಬರೀ ಸದ್ದು. ಒಂದು ಇಲಾಖೆಯ ಅಧಿಸೂಚನೆ, ಒಂದು ವಿಶ್ವವಿದ್ಯಾಲಯದ ಪಠ್ಯಕ್ರಮ ಹೀಗೆ ಬಂದರೆ ಅದನ್ನು ಫಾಂಟಿನ ಆಯ್ಕೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಹುಡುಕಾಟಕ್ಕೆ ಸಿಗದಿರುವುದು, ಹೆಸರುಗಳ ಪಟ್ಟಿ ಅಕಾರಾದಿಯಾಗಿ ಜೋಡಣೆಯಾಗದಿರುವುದು ಇವೆಲ್ಲ ಇದರ ಮುಂದೆ ಸಣ್ಣವು.

ಹಾಗಾದರೆ ಇನ್ನೂ ಯಾಕೆ ಬಿಟ್ಟಿಲ್ಲ? ಹಠದಿಂದಲ್ಲ. ಅಂಗಡಿಯವರನ್ನು ಕೇಳಿದರೆ ಕಾರಣ ಸಿಗುತ್ತದೆ. ಅಡೋಬಿಯ ಪೇಜ್‌ಮೇಕರ್ 7.0 ಬಂದದ್ದು 2001ರಲ್ಲಿ. ಅದೇ ಅದರ ಕೊನೆಯ ಆವೃತ್ತಿ. ಅದಕ್ಕೆ ಕನ್ನಡದ ಯೂನಿಕೋಡ್ ಅರ್ಥವಾಗದು. ಇನ್‌ಡಿಸೈನ್‌ನಲ್ಲಿ ಒತ್ತಕ್ಷರಗಳು ಸರಿಯಾಗಿ ಕೂರಲು 2012ರ ಸಿ.ಎಸ್. 6 ಬರಬೇಕಾಯಿತು. ಅಷ್ಟರಲ್ಲಿ ಊರೂರಿನ ಮುದ್ರಣಾಲಯಗಳಲ್ಲಿ ಹತ್ತು ವರ್ಷದ ಕಡತಗಳು, ಕೈರೂಢಿ, ಹಳೆಯ ಯಂತ್ರ ಎಲ್ಲ ಬೇರೂರಿದ್ದವು. ಹೊಸ ತಂತ್ರಾಂಶಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು. ಮದುವೆ ಸೀಸನ್ನಿನಲ್ಲಿ ದಿನಕ್ಕಿಷ್ಟು ಕಾರ್ಡು ಹೊಡೆದು ಬದುಕುವವನಿಗೆ ‘ಯೂನಿಕೋಡಿಗೆ ಬಾ’ ಎನ್ನುವುದು ಸುಲಭ, ಅದರ ಖರ್ಚು ಯಾರು ಕೊಡುತ್ತಾರೆ? ಕಾಗದದ ಮೇಲೆ ಅಚ್ಚಾಗುವ ಕೆಲಸಕ್ಕೆ ಹಳೆಯ ನುಡಿ ಇದ್ದರೂ ನಷ್ಟವಿಲ್ಲ. ಕಾರ್ಡನ್ನು ಯಾರೂ ಹುಡುಕು ಯಂತ್ರದಲ್ಲಿ ಹುಡುಕುವುದಿಲ್ಲ. ನನ್ನ ಸಿಟ್ಟು ಅಂಗಡಿಯವರ ಮೇಲಲ್ಲ, ಡಿಜಿಟಲ್ ಪ್ರತಿ ಕೊಡಬೇಕಾದ ಜಾಗದಲ್ಲಿ ಕೂತವರ ಮೇಲೆ. ಸರ್ಕಾರವೇ ಯೂನಿಕೋಡನ್ನು ಶಿಷ್ಟತೆ ಎಂದು ಒಪ್ಪಿ ವರ್ಷಗಳಾದವು. ನುಡಿಯ ಹೊಸ ಆವೃತ್ತಿಗಳಲ್ಲೂ ಯೂನಿಕೋಡ್ ಇದೆ. ಆದರೂ ‘ನುಡಿ 01 ಇ, 14 ಅಳತೆ’ ಎಂದು ಹೇಳುವ ಸುತ್ತೋಲೆಗಳು ನಿಂತಿಲ್ಲ.

ಇನ್ನು ಅಂದದ ಮಾತು. ಅದೂ ಪೂರ್ತಿ ಬಿಡುವಂಥದ್ದಲ್ಲ. 2024ರ ಆರಂಭದಲ್ಲಿ ನಾಮಫಲಕದ ಶೇ 60 ಭಾಗ ಕನ್ನಡದಲ್ಲಿರಬೇಕು ಎಂಬ ತಿದ್ದುಪಡಿ ಬಂತು. ದೇವರಾಜ ಅರಸು ರಸ್ತೆಯಲ್ಲಿ ನಡೆದರೆ ಅದರ ಫಲ ಕಾಣುತ್ತದೆ: ಕನ್ನಡ ದೊಡ್ಡದಾಗಿದೆ, ಆದರೆ ಬಹಳ ಕಡೆ ಇಂಗ್ಲಿಷ್ ಹೆಸರಿಗೆ ಕಾಳಜಿಯಿಂದ ಬರೆಸಿದ ಲೋಗೊ, ಕನ್ನಡಕ್ಕೆ ಕೈಗೆ ಸಿಕ್ಕ ಫಾಂಟು, ಅದನ್ನೂ ಅಗಲಕ್ಕೆ ಎಳೆದು ಕೂರಿಸಿದ್ದು. ಕುಂಚದಲ್ಲಿ ಬೋರ್ಡು ಬರೆಯುವವರ ಕೈಯಲ್ಲಾದರೆ ಜಾಗಕ್ಕೆ ತಕ್ಕಂತೆ ಒತ್ತು ಚಿಕ್ಕದಾಗುತ್ತಿತ್ತು, ದೀರ್ಘ ಬಾಗುತ್ತಿತ್ತು. ಈಗ ಯುವಜನರ ಪೋಸ್ಟರು, ಯೂಟ್ಯೂಬ್ ಥಂಬ್‌ನೇಲುಗಳಲ್ಲಿ ನುಡಿಯ ಜಾಗಕ್ಕೆ ‘ಬಾಲೂ ತಮ್ಮ’ ಬಂದಿದ್ದಾನೆ. ಮುಂಬೈನ ಏಕ್ ಟೈಪ್ ತಂಡ ಮಾಡಿದ ದಪ್ಪ, ದುಂಡು ಅಕ್ಷರಗಳ ಮುಕ್ತ ಫಾಂಟು ಅದು. ಅದೇ ಕುಟುಂಬ ತೆಲುಗಿನಲ್ಲಿ ತಮ್ಮುಡು, ತಮಿಳಿನಲ್ಲಿ ತಂಬಿ, ಮಲಯಾಳದಲ್ಲಿ ಚೇಟ್ಟನ್, ಗುಜರಾತಿಯಲ್ಲಿ ಭಾಯ್. ಹೆಸರಿಟ್ಟವರ ತಮಾಷೆ ನನಗೆ ಇಷ್ಟ. ಆದರೆ ರಕ್ತದಾನ ಶಿಬಿರಕ್ಕೂ ಅವನೇ, ಭಾವಪೂರ್ಣ ಶ್ರದ್ಧಾಂಜಲಿಗೂ ಅವನೇ ಎಂದಾಗ ಕರಡಿಯ ಮರಿಯೊಂದು ಸಾವಿನ ಮನೆಗೆ ಬಂದು ಕುಣಿದಂತೆ ಕಾಣುತ್ತದೆ. ಇಷ್ಟು ದಪ್ಪದ ಯಾವುದೇ ಫಾಂಟನ್ನು ಸಣ್ಣ ಅಳತೆಯಲ್ಲಿ ಬಳಸಿದರೆ ಮಹಾಪ್ರಾಣದ ಸೀಳು ಮುಚ್ಚಿಹೋಗುತ್ತದೆ ಎನ್ನುವುದೂ ನೆನಪಿರಲಿ. ‘ಧನಸಹಾಯ’ ಎಂದು ಹಾಕಿಸಿದ ಕರಪತ್ರವನ್ನು ಜನ ‘ದನಸಹಾಯ’ ಎಂದು ಓದಿದರೆ ತಪ್ಪು ಓದುಗರದ್ದಲ್ಲ.

ಬೇರೆ ಫಾಂಟು ಎಲ್ಲಿವೆ ಎಂದು ಕೇಳುವುದು ನ್ಯಾಯ. ಗೂಗಲ್ ಫಾಂಟ್ಸ್ ಸಂಗ್ರಹದಲ್ಲಿ ಇಂಗ್ಲಿಷಿಗೆ ಸಾವಿರಕ್ಕೂ ಹೆಚ್ಚು ಫಾಂಟು ಕುಟುಂಬಗಳಿದ್ದರೆ ಕನ್ನಡಕ್ಕೆ ಇರುವುದು ಬೆರಳೆಣಿಕೆಗಿಂತ ತುಸು ಹೆಚ್ಚು. ಇಂಗ್ಲಿಷಿನವರಿಗೆ 26 ಅಕ್ಷರ, ದೊಡ್ಡದು ಸಣ್ಣದು ಸೇರಿ 52. ನಮಗೆ ವ್ಯಂಜನವೊಂದೊಂದಕ್ಕೂ ಕಾಗುಣಿತ, ಕೆಳಗೆ ಒತ್ತು, ಒತ್ತಿನ ಕೆಳಗೆ ಕೆಲವೊಮ್ಮೆ ಇನ್ನೊಂದು ಒತ್ತು, ಪಕ್ಕದಲ್ಲಿ ಅರ್ಕಾವತ್ತು. ನೂರಾರು ಆಕಾರಗಳನ್ನು ಬಿಡಿಸಿ, ಒಂದರ ಪಕ್ಕ ಒಂದು ಕೂತಾಗ ಹೇಗೆ ಕಾಣುತ್ತದೆಂದು ಪರೀಕ್ಷಿಸಬೇಕು. ಈ ಕಷ್ಟ ಹೊಸದೂ ಅಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರಲ್ಲಿ ಹೊರಬಂದದ್ದು ಕಲ್ಲಚ್ಚಿನಲ್ಲಿ. ಮರುವರ್ಷ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಮೊಳೆಯಚ್ಚು ಕಂಡಿತು.

ಆದರೂ ಕೆಲಸ ನಡೆದಿದೆ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಅವರ ‘ಅಕಾಯ ಕನ್ನಡಕ’, ಎರಿನ್ ಮೆಕ್‌ಲಾಫ್ಲಿನ್ ಅವರ ‘ಹುಬ್ಬಳ್ಳಿ’, ಅರವಿಂದ ವಿ.ಕೆ. ಅವರ ‘ಗುಬ್ಬಿ’ ಮತ್ತು ‘ನವಿಲು’, ಏಕ್ ಟೈಪಿನದೇ ‘ಅನೇಕ್ ಕನ್ನಡ’ ಎಲ್ಲವೂ ಉಚಿತ, ಯೂನಿಕೋಡ್. ಫಾಂಟ್‌ಫೋರ್ಜ್ ಎಂಬ ಉಚಿತ ತಂತ್ರಾಂಶದಲ್ಲಿ ಫಾಂಟು ಮಾಡುವುದನ್ನು ಮನೆಯಲ್ಲೇ ಕಲಿಯಬಹುದು. ಮೈಸೂರಿನಲ್ಲಿ ಚಿತ್ರಕಲೆಗೆ ಕಾವಾ ಇದೆ, ಭಾಷೆಗೆ ಭಾರತೀಯ ಭಾಷಾ ಸಂಸ್ಥಾನ ಇದೆ, ಕನ್ನಡಕ್ಕೆ ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಇದೆ. ಅಕ್ಷರ ಬಿಡಿಸಬಲ್ಲವರೂ ಭಾಷೆ ಬಲ್ಲವರೂ ಸೈಕಲ್ ತುಳಿಯುವಷ್ಟು ದೂರದಲ್ಲೇ ಇದ್ದಾರೆ. ಈ ಊರಿನ ಹೆಸರು ಹೊತ್ತ ಒಂದು ಒಳ್ಳೆಯ ಅಕ್ಷರಮುಖ ಇಲ್ಲಿಂದಲೇ ಬರಬೇಕು ಎಂದು ಆಸೆಪಡುವುದು ಅತಿಯಾಸೆಯೇನಲ್ಲ.

ಅಲ್ಲಿಯವರೆಗೆ, ಈ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ವರದಿ ಟೈಪ್ ಮಾಡಿಸುವವರಿಗೆ ಒಂದು ಸುಲಭ ಪರೀಕ್ಷೆ. ಅಂಗಡಿಯಿಂದ ಹೊರಡುವ ಮುಂಚೆ ಕಡತದ ಒಂದು ಸಾಲನ್ನು ಕಾಪಿ ಮಾಡಿ ನಿಮ್ಮ ವಾಟ್ಸ್‌ಆ್ಯಪಿಗೆ ಅಂಟಿಸಿ. ಕನ್ನಡವೇ ಬಂದರೆ ಅದು ಯೂನಿಕೋಡ್. ಪೌಂಡ್ ಚಿಹ್ನೆ ಇಣುಕಿದರೆ ‘ನುಡಿ ಯೂನಿ 01 ಇ’ಯಲ್ಲಿ ಮಾಡಿಕೊಡಿ ಎಂದು ಹೇಳಿ. ಆಪರೇಟರ್ ಹೊಸದಾಗಿ ಏನೂ ಕಲಿಯಬೇಕಿಲ್ಲ, ಕೀಲಿಗಳೆಲ್ಲ ಅವೇ.