ಏಳು ನಿಮಿಷದ ಜಾನಪದ

ಜಾನಪದ ಉತ್ಸವ ನೋಡಿಕೊಂಡು ಬಂದವರನ್ನು ಒಮ್ಮೆ ಕೇಳಿ: ಏನೇನು ನೋಡಿದಿರಿ? ಡೊಳ್ಳು, ಕಂಸಾಳೆ, ರಾಜಸ್ಥಾನದ ಘೂಮರ್, ಪಂಜಾಬಿನ ಭಾಂಗ್ಡಾ, ಅಸ್ಸಾಮಿನ ಬಿಹು ಎಂದು ಪಟಪಟನೆ ಹೇಳುತ್ತಾರೆ. ಮೊಬೈಲಿನಲ್ಲಿ ವಿಡಿಯೋ ಕೂಡ ತೋರಿಸುತ್ತಾರೆ. ಈಗ ಇನ್ನೊಂದು ಪ್ರಶ್ನೆ ಕೇಳಿ: ಅವರು ಹಾಡಿದ್ದು ಏನನ್ನು? ಯಾರ ಕಥೆಯನ್ನು? ಹಾಡಿದವರ ಹೆಸರೇನು? ಮಾತು ಅಲ್ಲಿಗೆ ನಿಲ್ಲುತ್ತದೆ. ಇದು ನೋಡಲು ಹೋದವರ ತಪ್ಪಲ್ಲ. ನೋಡಬೇಕು, ಕೇಳಬಾರದು ಎಂಬಂತೆಯೇ ಉತ್ಸವವನ್ನು ಕಟ್ಟಲಾಗಿದೆ.

ಈ ಕಟ್ಟೋಣಕ್ಕೆ ವಯಸ್ಸಾಗಿದೆ. 1950ರ ದಶಕದಲ್ಲೇ ಗಣರಾಜ್ಯೋತ್ಸವದ ಜೊತೆ ದೆಹಲಿಯಲ್ಲಿ ಜನಪದ ನೃತ್ಯಗಳ ಉತ್ಸವ ಶುರುವಾಯಿತು. 1980ರ ದಶಕದಲ್ಲಿ ಬ್ರಿಟನ್, ಅಮೆರಿಕ, ಸೋವಿಯತ್ ಒಕ್ಕೂಟಗಳಿಗೆ ಭಾರತ ಉತ್ಸವ ಹೋಯಿತು. 1986ರಲ್ಲಿ ದೆಹಲಿಯಲ್ಲಿ 'ಅಪ್ನಾ ಉತ್ಸವ' ನಡೆಯಿತು. ಅದೇ ಕಾಲದಲ್ಲಿ ಪಟಿಯಾಲಾದಿಂದ ತಂಜಾವೂರಿನವರೆಗೆ ಏಳು ವಲಯ ಸಾಂಸ್ಕೃತಿಕ ಕೇಂದ್ರಗಳು ಹುಟ್ಟಿದವು. 2015ರಿಂದ ಕೇಂದ್ರ ಸಂಸ್ಕೃತಿ ಸಚಿವಾಲಯದ 'ರಾಷ್ಟ್ರೀಯ ಸಂಸ್ಕೃತಿ ಮಹೋತ್ಸವ' ಊರಿಂದೂರಿಗೆ ತಿರುಗುತ್ತಿದೆ. ಒಂದು ನಾಡಿನವರು ಇನ್ನೊಂದು ನಾಡಿನವರ ಕಲೆಯನ್ನು ನೋಡಲಿ ಎಂಬ ಆಸೆ ಒಳ್ಳೆಯದೇ. ನನ್ನ ಜಗಳ ಆ ಆಸೆಯ ಜೊತೆಗಲ್ಲ, ಗಡಿಯಾರದ ಜೊತೆಗೆ.

ನಾನು ಕಂಡ ಇಂಥ ವೇದಿಕೆಗಳಲ್ಲಿ ಒಂದು ತಂಡಕ್ಕೆ ಸಿಗುವುದು ಏಳೆಂಟು ನಿಮಿಷ. ಉದ್ಘಾಟನೆಯ ಭಾಷಣ ಉದ್ದವಾದರೆ ಅದೂ ಐದಕ್ಕೆ ಇಳಿಯುತ್ತದೆ. ಸಮಯ ಕತ್ತರಿಸಿದಾಗ ಮೊದಲು ಉದುರುವುದು ಕಥೆ. ಹೆಜ್ಜೆ ಉಳಿಯುತ್ತದೆ, ಬಡಿತ ಉಳಿಯುತ್ತದೆ, ಬಣ್ಣದ ಬಟ್ಟೆ ಉಳಿಯುತ್ತದೆ, ಮಾತು ಹೋಗುತ್ತದೆ.

ಕಂಸಾಳೆಯನ್ನೇ ನೋಡಿ. ಉತ್ಸವಕ್ಕೆ ಬರುವುದು ಬೀಸು ಕಂಸಾಳೆ. ಕಂಚಿನ ತಾಳವನ್ನು ತಲೆಯ ಮೇಲೆ, ಬೆನ್ನ ಹಿಂದೆ ಬೀಸಿ ಬಡಿಯುವ ಆ ಚುರುಕು ಯಾರನ್ನಾದರೂ ಬೆರಗುಗೊಳಿಸುತ್ತದೆ. ಆದರೆ ದೇವರಗುಡ್ಡರು ಕೂತು, ರಾತ್ರಿಗಳನ್ನು ಕಳೆದು ಹಾಡುವ ಮಾದೇಶ್ವರನ ಕಾವ್ಯ ಅಲ್ಲಿಗೆ ಬರುವುದಿಲ್ಲ. ಅದರಲ್ಲಿ ಸಂಕಮ್ಮನ ಸಾಲು ಇದೆ. ಜೇನು ತರಲು ಕಾಡಿಗೆ ಹೊರಟ ಗಂಡ ಹೆಂಡತಿಯ ಶೀಲದ ಮೇಲೆ ಅನುಮಾನಪಟ್ಟು ಬಲಗೈ ಭಾಷೆ ಕೇಳುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಆ ನಿರಾಕರಣೆಗೆ ಅವಳು ಉಣ್ಣುವ ಹಿಂಸೆ, ಅವಳು ಬಗ್ಗದೆ ನಿಲ್ಲುವ ರೀತಿ ನಮ್ಮ ಯಾವ ಆಧುನಿಕ ಕಥೆಗೂ ಕಡಿಮೆಯಲ್ಲ. ಇಷ್ಟು ದೊಡ್ಡ ಹೆಣ್ಣನ್ನು ವೇದಿಕೆಯ ಕೆಳಗೆ ಬಿಟ್ಟು ತಾಳ ಬೀಸುವವರನ್ನಷ್ಟೇ ಮೇಲೆ ಹತ್ತಿಸಿ, 'ನಮ್ಮ ಸಂಸ್ಕೃತಿ' ಎಂದು ಚಪ್ಪಾಳೆ ಹೊಡೆಯುತ್ತೇವೆ. ಕಥೆ ತೆಗೆದ ಕಂಸಾಳೆ ಒಳ್ಳೆಯ ಕಸರತ್ತು, ಅಷ್ಟೆ.

ರಾಜಸ್ಥಾನದ ಪಾಬೂಜಿಯ ಫಡ್ ಇನ್ನೊಂದು ಬಗೆಯ ಕತ್ತರಿಗೆ ಸಿಕ್ಕಿದೆ. ಫಡ್ ಎಂದರೆ ವೀರನ ಕಥೆಯೆಲ್ಲ ಚಿತ್ರವಾಗಿರುವ ಉದ್ದನೆಯ ಬಟ್ಟೆ. ರಾತ್ರಿ ಅದನ್ನು ಬಿಡಿಸಿ ಕಟ್ಟಿ, ಭೋಪಾ ರಾವಣಹತ್ಥ ನುಡಿಸುತ್ತ ಹಾಡುತ್ತಾನೆ. ಭೋಪಿ ದೀಪ ಹಿಡಿದು ಕಥೆ ನಡೆಯುವ ಜಾಗವನ್ನು ಬೆಳಗಿಸುತ್ತಾಳೆ. ಅವರಿಗೆ ಅದು ಚಿತ್ರವಲ್ಲ, ಹೊತ್ತು ತಿರುಗುವ ಗುಡಿ. ಜೀರ್ಣವಾದರೆ ಬಿಸಾಡುವುದಿಲ್ಲ, ಪುಷ್ಕರದ ಸರೋವರದಲ್ಲಿ ವಿಸರ್ಜಿಸುತ್ತಾರೆ. ಉತ್ಸವದಲ್ಲಿ ಏನಾಗುತ್ತದೆ? ಫಡ್‌ನ ತುಂಡು ಕರಕುಶಲ ಮಳಿಗೆಯಲ್ಲಿ ಗೋಡೆಗೆ ತೂಗುಹಾಕುವ ಮಾಲಾಗಿ ಮಾರಾಟಕ್ಕಿರುತ್ತದೆ. ರಾವಣಹತ್ಥ ದ್ವಾರದ ಬಳಿ ಬಂದವರನ್ನು ಸ್ವಾಗತಿಸುತ್ತಿರುತ್ತದೆ. ದೀಪ ಎಲ್ಲೂ ಇಲ್ಲ.

ಆಡಿಸುವ ಉತ್ಸಾಹದಲ್ಲಿ ಹಾಡುವವರನ್ನು ಬಿಟ್ಟೇಬಿಟ್ಟಿದ್ದೇವೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕೂತು ಆಡುವ ಮಾತೇ ಎಲ್ಲ. ಅದನ್ನು ಇಂಥ ಉತ್ಸವಕ್ಕೆ ಯಾರು ಕರೆಯುತ್ತಾರೆ? ಬೀಸುಕಲ್ಲಿನ ಪದಕ್ಕೆ ಯಾವ ಲೈಟಿಂಗ್ ಹಾಕುತ್ತಾರೆ? ಹಾಲಕ್ಕಿ ಸಮುದಾಯದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಿದ್ದು ಅವರ ನೆನಪಿನಲ್ಲಿದ್ದ ಹಾಡುಗಳಿಗೆ. ನೆನಪನ್ನು ಏಳು ನಿಮಿಷದಲ್ಲಿ ತೋರಿಸಲು ಬರುವುದಿಲ್ಲ. ಜೋಗತಿ ನೃತ್ಯದಲ್ಲೂ ಇದೇ ಕಥೆ. ತಲೆಯ ಮೇಲಿನ ಕೊಡ ಅಲುಗಾಡದಿದ್ದರೆ ಚಪ್ಪಾಳೆ. ಆ ಕೊಡ ಅವರ ತಲೆಗೆ ಹೇಗೆ ಬಂತು, ಮನೆಯಿಂದ ಹೊರಬಿದ್ದವರಿಗೆ ಎಲ್ಲಮ್ಮನ ಅಂಗಳ ಯಾಕೆ ಮನೆಯಾಯಿತು ಎಂಬುದನ್ನು ಕೇಳಲು ನಮಗೆ ಪುರಸೊತ್ತಿಲ್ಲ. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ ಮಂಜಮ್ಮ ಜೋಗತಿಯವರು ತಮ್ಮ ಬದುಕನ್ನು ಬಾಯಿಬಿಟ್ಟು ಹೇಳಿದ ಮೇಲೂ ನಾವು ಕೊಡವನ್ನೇ ನೋಡುತ್ತಿದ್ದೇವೆ.

ಇದಕ್ಕೆ ಸಿದ್ಧ ಉತ್ತರಗಳಿವೆ. ಒಂದು: 'ಕಲಾವಿದರಿಗೆ ನಾಲ್ಕು ಕಾಸು ಸಿಗುತ್ತದಲ್ಲ.' ಸಿಗಲಿ, ಇನ್ನೂ ಹೆಚ್ಚು ಸಿಗಲಿ. ಆದರೆ ಕೂಲಿ ಕೊಟ್ಟ ಮಾತ್ರಕ್ಕೆ ಕಥೆ ಕೇಳುವ ಹೊಣೆ ತೀರುವುದಿಲ್ಲ. ಎರಡು: 'ಇಡೀ ರಾತ್ರಿ ಕೂರಲು ಯಾರಿಗೆ ತಾಳ್ಮೆ ಇದೆ? ಕಾಲಕ್ಕೆ ತಕ್ಕಂತೆ ಕಲೆ ಬದಲಾಗಬೇಕು.' ಒಪ್ಪುತ್ತೇನೆ. ಕರಾವಳಿಯ ಯಕ್ಷಗಾನ ಬದಲಾಗಿದೆ. ರಾತ್ರಿಯಿಡೀ ನಡೆಯುತ್ತಿದ್ದ ಆಟ ಹಲವು ಮೇಳಗಳಲ್ಲಿ ಕಾಲಮಿತಿಗೆ ಬಂದಿದೆ. ಅದರ ಬಗ್ಗೆ ತಕರಾರುಗಳೂ ಇವೆ. ಆದರೂ ಅಲ್ಲಿ ಪ್ರಸಂಗ ಉಳಿಯಿತು, ಅರ್ಥಗಾರಿಕೆ ಉಳಿಯಿತು. ಯಾವ ಪದ್ಯ ಬಿಡಬೇಕು ಎಂಬುದನ್ನು ನಿರ್ಧರಿಸಿದವರು ಆಟ ಬಲ್ಲವರು. ಉತ್ಸವದಲ್ಲಿ ಕತ್ತರಿ ಇರುವುದು ಪಕ್ಕದ ಪರದೆಯ ಹಿಂದೆ ನಿಂತು ಕೈಗಡಿಯಾರ ತೋರಿಸುವವರ ಬಳಿ. ಚಿಕ್ಕದು ಮಾಡುವುದು ಬೇರೆ, ಮೂಗನನ್ನಾಗಿ ಮಾಡುವುದು ಬೇರೆ.

ಮೂರನೆಯದು ಭಾಷೆಯ ನೆಪ. 'ಛತ್ತೀಸಗಢದ ಹಾಡು ಇಲ್ಲಿ ಯಾರಿಗೆ ಅರ್ಥವಾಗುತ್ತದೆ?' ತೀಜನ್ ಬಾಯಿ ತಂಬೂರಿ ಹಿಡಿದು ಛತ್ತೀಸಗಢಿಯಲ್ಲಿ ಪಾಂಡವರ ಕಥೆಯನ್ನು ಹೇಳುತ್ತ ದೇಶ ದಾಟಿದರು. ಆ ಭಾಷೆ ಬಾರದವರೂ ಕೂತು ಕೇಳಿದರು, ಏಕೆಂದರೆ ಕಥೆ ಹೇಳುವಷ್ಟು ಹೊತ್ತು ಅವರಿಗೆ ಸಿಕ್ಕಿತ್ತು. ಪ್ರಾಯೋಜಕರ ಹೆಸರು ಮೆರೆಸುವ ಎಲ್‌ಇಡಿ ಪರದೆಯ ಮೇಲೆ ಹಾಡಿನ ಸಾರವನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆಯಲು ಎಷ್ಟು ಖರ್ಚಾದೀತು?

ಹಾಗಾಗಿ ಕೇಳುವುದು ದೊಡ್ಡದೇನಲ್ಲ. ಇಪ್ಪತ್ತು ತಂಡ ಕರೆಯುವ ಬದಲು ಐದನ್ನು ಕರೆಯಿರಿ, ಒಂದೊಂದಕ್ಕೆ ಒಂದು ತಾಸು ಕೊಡಿ. 'ಮುಂದಿನ ಪ್ರಸ್ತುತಿ ಒಡಿಶಾದಿಂದ' ಎಂದು ನಿರೂಪಕರು ಕೂಗುವ ಬದಲು, ಹಿರಿಯ ಕಲಾವಿದರ ಹೆಸರು ಮತ್ತು ಊರು ಹೇಳಲಿ. ಒಬ್ಬ ಮನುಷ್ಯ ಒಂದು ರಾಜ್ಯವಲ್ಲ. ಏನನ್ನು ಹಾಡಲಿದ್ದೇವೆಂದು ಅವರೇ ಹೇಳಲಿ, ಒಬ್ಬರು ಅನುವಾದಿಸಲಿ. ಎಲ್ಲ ತಂಡಗಳನ್ನೂ ಕೊನೆಗೆ ಒಟ್ಟಿಗೆ ನುಗ್ಗಿಸಿ, ಡೊಳ್ಳಿನ ಮೇಲೆ ಬಿಹು, ಬಿಹುವಿನ ಮೇಲೆ ಭಾಂಗ್ಡಾ ಹೇರಿ ಅದನ್ನು ಏಕತೆ ಎಂದು ಕರೆಯುವುದನ್ನು ನಿಲ್ಲಿಸಿ. ಅದು ಏಕತೆಯಲ್ಲ, ಗದ್ದಲ.

ಸಾಹಿತ್ಯ ಓದುವ ನಮಗೂ ಒಂದು ಮಾತು. ಮಾದೇಶ್ವರ, ಮಂಟೇಸ್ವಾಮಿ ಕಾವ್ಯಗಳು ನಮ್ಮಲ್ಲಿ ಹಲವರ ಪಠ್ಯದಲ್ಲಿವೆ. ಪರೀಕ್ಷೆಗೆ ಟಿಪ್ಪಣಿ ಬರೆಯುತ್ತೇವೆ. ಅದನ್ನು ಬಾಯಲ್ಲಿ ಇಟ್ಟುಕೊಂಡವರು ನಮ್ಮೂರಿನ ಮೈದಾನಕ್ಕೆ ಬಂದಾಗ ಕುರ್ಚಿಯಲ್ಲಿ ಕೂತು ವಿಡಿಯೋ ಮಾಡಿ ಎದ್ದು ಬಂದರೆ ಆ ಓದಿಗೆ ಅರ್ಥವೇನು? ಮುಂದಿನ ಸಲ ಉತ್ಸವಕ್ಕೆ ಹೋದಾಗ ವೇದಿಕೆಯ ಹಿಂದಕ್ಕೂ ಹೋಗಿ. ಅಲ್ಲಿ ಬಣ್ಣ ಒರೆಸಿಕೊಳ್ಳುತ್ತ, ಬಸ್ಸಿಗೆ ಕಾಯುತ್ತ ಕೂತವರಿರುತ್ತಾರೆ. 'ಅಣ್ಣಾ, ಸಂಕಮ್ಮನ ಸಾಲು ನಿಮಗೆ ಬರುತ್ತದಾ?' ಎಂದು ಕೇಳಿ. ಬರುತ್ತದೆ ಎಂದರೆ, ಫೋನು ಜೇಬಿಗಿಟ್ಟು ಕೂರಿ.