ಮೇಜಿನಡಿಯ ಭೀಮಸೇನರು

ಕಂಪ್ಯೂಟರಿನಲ್ಲಿ ಹಾಡು ಕೇಳೋಕೆ ಸಬ್‌ವೂಫರ್ ಬೇಕೇ ಬೇಕು ಅಂತ ಹಟ ಹಿಡಿಯುವವರೇ, ನಿಮ್ಮ ಅಗ್ಗದ 2.1 ಸೆಟ್‌ನಲ್ಲಿ ಒಮ್ಮೆ ಭೀಮಸೇನ ಜೋಶಿಯವರನ್ನು ಹಾಕಿ ಕೇಳಿ. ತಾರ ಷಡ್ಜ ಮಾನಿಟರ್ ಪಕ್ಕದಿಂದ ಬರುತ್ತೆ. ಮಂದ್ರಕ್ಕೆ ಇಳಿದರೋ, ಪಂಡಿತರು ನಿಮ್ಮ ಕಾಲಬುಡದಲ್ಲಿ, ಯುಪಿಎಸ್ ಪಕ್ಕ ಕೂತಿರ್ತಾರೆ!

ಕಾರಣ ಇಷ್ಟೇ. ಮುಷ್ಟಿಗಾತ್ರದ ಆ ಪುಟಾಣಿ ಸ್ಪೀಕರುಗಳಿಗೆ 150 ಹರ್ಟ್ಸ್ ಆಸುಪಾಸಿಗೇ ಉಸಿರು ಕಟ್ಟುತ್ತೆ. ಗಂಡುದನಿ 100ರವರೆಗೂ ಇಳಿಯುತ್ತೆ. ಆ ಪಾಲನ್ನು ಕೆಳಗಿನ ಡಬ್ಬವೇ ಹಾಡಬೇಕು. 80 ಹರ್ಟ್ಸ್‌ಗಿಂತ ಕೆಳಗಷ್ಟೇ ದುಡಿಸಿದರೆ ಸದ್ದು ಯಾವ ಕಡೆಯದು ಅಂತ ಕಿವಿಗೆ ಸುಲಭಕ್ಕೆ ಗೊತ್ತಾಗಲ್ಲ; ಮೇಲೆ ಹತ್ತಿಸಿದರೆ ಗುಟ್ಟು ರಟ್ಟು. (ಪೆಟ್ಟಿಗೆ ಮೇಲೆ ಅಚ್ಚಾದ ಸಾವಿರಾರು ವ್ಯಾಟ್ ಪಿಎಂಪಿಒ? ಅದು ಜಾತ್ರೆ ಬಲೂನು, ಬಿಡಿ.)

ಎರಡು ತಿಂಗಳು ಕಾದು, ಐದಿಂಚಿನ ವೂಫರ್ ಇರೋ, ಆಂಪ್ಲಿಫೈಯರ್ ಒಳಗೇ ಇರೋ ಒಂದು ಜೊತೆ ಸ್ಪೀಕರ್ ತಗೊಳ್ಳಿ. ಟ್ವೀಟರ್ ಕಿವಿಯ ಮಟ್ಟಕ್ಕೆ ಬರಲಿ. ಎರಡರ ನಡುವೆ ಎಷ್ಟು ಅಂತರವೋ ನಿಮ್ಮಿಂದಲೂ ಅಷ್ಟೇ. ಮೂಲೆಗೆ ಮಾತ್ರ ತಳ್ಳಬೇಡಿ, ಬೇಸ್ ಊದಿಕೊಂಡು ಮೃದಂಗದ ಎಡಗೈ ಬರೀ ಗುಂಯ್ ಅನ್ನುತ್ತೆ.

ಎಲೆಕ್ಟ್ರಾನಿಕ್ ಸಂಗೀತವೇ ಪ್ರಾಣ ಅನ್ನೋರು ಸಬ್ ಆಮೇಲೆ ಸೇರಿಸಲಿ, ಕ್ರಾಸೋವರ್ ತಿರುಗಿಸೋ ಗುಬುಟು ಇರೋದನ್ನೇ.

ನಾನೂ ನಾಲ್ಕು ವರ್ಷ ಮೇಜಿನಡಿ ಡಬ್ಬ ಇಟ್ಕೊಂಡಿದ್ದೆ. ಅದನ್ನು ನನಗಿಂತ ಚೆನ್ನಾಗಿ ಕೇಳಿಸಿಕೊಂಡವರು ಕೆಳಗಿನ ಮನೆ ಅಜ್ಜಿ. ಡಬ್ಬ ಮಾರಿದ ವಾರವೇ ಅವರು ನನ್ನ ಜೊತೆ ಮತ್ತೆ ಮಾತಾಡಿದ್ದು.