ಪುಸ್ತಕ ಕಾಯಲು ಯಾರಾದರೇನು?

ಮರ್ಫಿ ಟೌನಿನಲ್ಲಿ ನನ್ನೊಡನೆ ಬೆಳಗಿನ ನಡಿಗೆಗೆ ಬರುವ ಹಿರಿಯರೊಬ್ಬರು ಮೊನ್ನೆ ಈ ಪ್ರಶ್ನೆ ಕೇಳಿ ನಕ್ಕರು. ಸಾರ್ವಜನಿಕ ಗ್ರಂಥಾಲಯಕ್ಕೆ ತಕ್ಕವರನ್ನು ಹುಡುಕಿ, ಆರಿಸಿ, ಉಳಿಸಿಕೊಳ್ಳುವುದನ್ನೇ ವೃತ್ತಿಯಾಗಿಸಿಕೊಂಡ ನೇಮಕಾತಿ ತಜ್ಞರೊಬ್ಬರು ನಮಗೆ ಬೇಕೆಂದು ನಾನು ಹೇಳಿದ್ದೇ ಆ ನಗೆಗೆ ಕಾರಣ. ನನಗೆ ನಗು ಬರಲಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ವಾಚನಾಲಯದಲ್ಲಿ (ಯಾವುದೆಂಬುದು ಬೇಡ) ಹುಡುಗನೊಬ್ಬ ನಕ್ಷತ್ರಗಳ ಬಗ್ಗೆ ಪುಸ್ತಕ ಕೇಳಿದ. ಮೇಜಿನ ಹಿಂದಿದ್ದಾತ ಪತ್ರಿಕೆಯಿಂದ ತಲೆಯೆತ್ತದೆ ಕಪಾಟಿನತ್ತ ಕೈ ತೋರಿಸಿದ. ಹುಡುಗ ಅಲ್ಲಿ ಅರೆಗಳಿಗೆ ನಿಂತು ಹೊರಟುಹೋದ. ಮತ್ತೆ ಅಲ್ಲಿ ಅವನನ್ನು ನಾನು ಕಾಣಲಿಲ್ಲ. ಆಮೇಲೆ ಮಾತಿಗೆಳೆದಾಗ ಆತ ಹೇಳಿದ್ದು: ಗುತ್ತಿಗೆಯ ಕೆಲಸ, ಸಂಬಳ ಬರುವ ದಿನ ನಿಶ್ಚಯವಿಲ್ಲ, ಪುಸ್ತಕ ಓದುವೆಯಾ ಎಂದು ಸೇರಿಸಿಕೊಳ್ಳುವಾಗ ಯಾರೂ ಕೇಳಿರಲಿಲ್ಲ. ತಪ್ಪನ್ನು ಅವನ ಮೇಲೆ ಹೊರಿಸಲು ನನಗೆ ಮನಸ್ಸಾಗದು.

ಪುಸ್ತಕಗಳ ಆಯ್ಕೆಗೆ ನಮ್ಮಲ್ಲಿ ಸಮಿತಿಯಿದೆ. ಮನುಷ್ಯರ ವಿಷಯದಲ್ಲಿ ಕಾಯಂ ಹುದ್ದೆಗೆ ಪರೀಕ್ಷೆಯ ಅಂಕ, ಉಳಿದದ್ದಕ್ಕೆ ಗುತ್ತಿಗೆ ಅಥವಾ ಗೌರವಧನ. ತಮಿಳು, ಉರ್ದು, ತೆಲುಗು, ಕನ್ನಡ ಒಂದೇ ಬೀದಿಯಲ್ಲಿ ಕೇಳುವ ನಮ್ಮ ಮರ್ಫಿ ಟೌನಿಗೆ ಎಂಥ ಗ್ರಂಥಪಾಲಕ ಒಗ್ಗುತ್ತಾನೆಂಬುದನ್ನು ಯಾವ ಪ್ರಶ್ನೆಪತ್ರಿಕೆ ಅಳೆಯಬಲ್ಲದು? ನ್ಯೂಯಾರ್ಕ್, ಟೊರಾಂಟೊಗಳ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಸಿಬ್ಬಂದಿಯ ಆಯ್ಕೆಗೆಂದೇ ಜನರಿದ್ದಾರೆ. ಅಲ್ಲಿ ಅದೊಂದು ಗೌರವದ ವೃತ್ತಿ.

ಅಷ್ಟು ದೂರವೇಕೆ? ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ 1917ರಲ್ಲಿ ಗಣಿತದ ಮೇಷ್ಟ್ರಾಗಿ ಸೇರಿದ ಎಸ್. ಆರ್. ರಂಗನಾಥನ್ 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಗ್ರಂಥಾಲಯದ ತರಬೇತಿ ಅವರಿಗಿರಲಿಲ್ಲ. ಕೆಲವೇ ದಿನಗಳಲ್ಲಿ ಬೇಸತ್ತು, ಹಳೆಯ ಕಾಲೇಜಿಗೆ ಮರಳಿಸಿರೆಂದು ಪ್ರಿನ್ಸಿಪಾಲರ ಬಳಿಗೇ ಹೋದರು. ಮೊದಲು ಲಂಡನ್ನಿಗೆ ಹೋಗಿ ಕಲಿತು ಬನ್ನಿ, ಆಗಲೂ ಬೇಸರವೆನಿಸಿದರೆ ಇಲ್ಲಿನ ಕೆಲಸ ಇದ್ದೇ ಇದೆ ಎಂದು ಆ ಹಿರಿಯರು ಒಪ್ಪಿಸಿದರು. ಹೋದರು, ಬಂದವರು ಹಿಂದಿರುಗುವ ಮಾತೆತ್ತಲಿಲ್ಲ. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳನ್ನು ಪ್ರಕಟಿಸಿದರು. ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದು 1972ರಲ್ಲಿ ಇಲ್ಲಿಯೇ ತೀರಿಕೊಂಡರು. ನೇಮಕಾತಿ ತಜ್ಞನೆಂದರೆ ನನ್ನ ಕಣ್ಣಿಗೆ ಕಟ್ಟುವುದು ಆ ಪ್ರಿನ್ಸಿಪಾಲರೇ: ನೇಮಕದ ಆದೇಶ ಕೈಗಿತ್ತ ಮೇಲೂ ಮನುಷ್ಯನನ್ನು ಕೈಬಿಡದವರು.

ಹಣವಿಲ್ಲ ಎನ್ನುವವರಿಗೆ ಒಂದು ಮಾತು. ನಮ್ಮ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರದು. ಅದರನ್ವಯ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರವನ್ನು ನಾವು ತೆರುತ್ತಿದ್ದೇವೆ. ನಕ್ಕ ಹಿರಿಯರೂ ತೆರುತ್ತಾರೆ. ನಾಳೆ ನಡಿಗೆಗೆ ಬರುವಾಗ ರಸೀದಿಯನ್ನು ಜೇಬಿನಲ್ಲಿಟ್ಟುಕೊಂಡು ಬನ್ನಿರೆಂದು ಅವರಿಗೆ ಹೇಳಿ ಕಳಿಸಿದ್ದೇನೆ.